ಕಾಯುವವರ ಹತ್ತಿರ ಏನು ಮಾತಾಡೋದು?

ಕಾರವಾರದಿಂದ ಅಂಕೋಲಾ ದಾಟಿ ಕುಮಟಾ ಕಡೆ ಹೋಗುವಾಗ ಶಿರೂರು ಬಂತು ಅಂದ್ರೆ ನಾನು ಸುಮ್ಮನಾಗ್ತೇನೆ. 2024ರ ಜುಲೈ 16ರಂದು ಇಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಗಂಗಾವಳಿ ನದಿಯಲ್ಲಿ ಮುಳುಗಿದ್ದ ಕೇರಳದ ಲಾರಿ, ಚಾಲಕನ ಶವದ ಸಮೇತ ಸಿಕ್ಕಿದ್ದು 72ನೇ ದಿನ.

ಅಷ್ಟು ದಿನ ಕಾಯುವವರ ಹತ್ತಿರ ಏನು ಹೇಳೋದು? ‘ಬಂದೇ ಬರ್ತಾರೆ’ ಅಂದ್ರೆ ಸುಳ್ಳು ಭರವಸೆ. ‘ಇನ್ನೆಲ್ಲಿ ಸಿಗ್ತಾರೆ’ ಅನ್ನೋದು ನಿಜವೇ ಇರಬಹುದು, ಆದ್ರೆ ಎದೆಗೆ ಇರಿದ ಹಾಗೆ. ‘ಹುಡುಕ್ತಾ ಇದ್ದಾರೆ, ಸುದ್ದಿ ಬಂದ್ರೆ ನಾನೇ ಬಂದು ಹೇಳ್ತೇನೆ. ಚಾ ಕುಡಿದ್ರಾ?’ ಇದು ಮಾತಿನ ನಯ. ಇದರಲ್ಲಿ ಸುಳ್ಳೂ ಇಲ್ಲ, ಗಾಯವೂ ಇಲ್ಲ.

ವಾಟ್ಸಾಪ್‌ನಲ್ಲಿ ‘ಏನಾದ್ರೂ ಗೊತ್ತಾಯ್ತಾ?’ ಅಂತ ಟೈಪ್ ಮಾಡೋ ಮುಂಚೆ ಒಂದು ಕ್ಷಣ ತಡೀರಿ. ಉತ್ತರ ಕೊಡಬೇಕಾದವರು ಅವರು.