‘ಎಲ್ಲಿಂದ ಮಾತಾಡ್ತಿದ್ದೀಯಪ್ಪಾ?’

ಮನೆಯಲ್ಲಿ ಅಜ್ಜಿ, ಮೊಮ್ಮಗ ಇಬ್ಬರೇ ಇದ್ದಾರೆ ಎಂದುಕೊಳ್ಳಿ. ರಾತ್ರಿ ಯಾರೋ ಬಾಗಿಲು ಮೀಟುತ್ತಿದ್ದಾರೆ. ಹುಡುಗ 112ಕ್ಕೆ ಫೋನ್ ಮಾಡುತ್ತಾನೆ. ‘ಎಲ್ಲಿಂದ ಮಾತಾಡ್ತಿದ್ದೀಯಪ್ಪಾ?’ ‘ಐದನೇ ಕ್ರಾಸ್!’ ಬೆಂಗಳೂರಿನಲ್ಲಿ ಐದನೇ ಕ್ರಾಸ್ ಇಲ್ಲದ ಬಡಾವಣೆಯೇ ಅಪರೂಪ.

ಈಗಿನ ಮೊಬೈಲ್ ಫೋನೇ ಜಾಗ ತಿಳಿಸುತ್ತದಲ್ಲ ಎನ್ನಬಹುದು. ತಿಳಿಸುತ್ತದೆ, ಆದರೆ ಒಂದು ಮಿತಿಯಲ್ಲಿ. ಉಪಗ್ರಹಗಳ ರೇಡಿಯೊ ಸಂಕೇತ ತನ್ನನ್ನು ತಲುಪಲು ಹಿಡಿದ ಕಾಲದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ! ಕಾಂಕ್ರೀಟ್ ಗೋಡೆಗಳೊಳಗೆ ಸಂಕೇತ ಕ್ಷೀಣಿಸುತ್ತದೆ. ಎದುರು ಕಟ್ಟಡಕ್ಕೆ ಬಡಿದು ಬಳಸಿ ಬಂದರೆ ಲೆಕ್ಕವೇ ಕೆಡುತ್ತದೆ. ಮೂರನೇ ಮಹಡಿಯೋ, ಏಳನೆಯದೋ ಎಂಬುದಂತೂ ಪೊಲೀಸರಿಗೆ ಅದರಿಂದ ತಿಳಿಯುವುದು ಕಷ್ಟ.

ಆದ್ದರಿಂದ ಮೊದಲು ಬಡಾವಣೆಯ ಹೆಸರು, ನಂತರ ಮೇನ್, ಕ್ರಾಸ್, ಮನೆ ನಂಬರ್, ಮಹಡಿ, ಹತ್ತಿರದ ಹಾಲಿನ ಬೂತೋ ದೇವಸ್ಥಾನವೋ ಹೇಳಬೇಕು. ಏನಾಯಿತೆಂಬುದು ಆಮೇಲೆ. ಅತ್ತಲಿಂದ ‘ಇಡಿ’ ಎನ್ನುವವರೆಗೆ ಫೋನ್ ಇಡಬಾರದು. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ 112 ಸಾಕು.

ಹದಿನೇಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸುವ ಮಕ್ಕಳು ಮನೆಯ ಪೂರ್ತಿ ವಿಳಾಸ ಕೇಳಿದರೆ ಅಮ್ಮನ ಮುಖ ನೋಡುವುದುಂಟು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಒಳಬದಿಗೆ ಅಂಟಿಸಲು ಒಂದು ಹಾಳೆ, ಚೂರು ಗೋಂದು ಸಾಕು.