ಡಿಸೆಂಬರಿನ ರಾಜಧಾನಿಗೆ ಒಂದು ಸುತ್ತು

ಬೆಳಗಾವಿಯ ಚಳಿಗಾಲದ ಅಧಿವೇಶನದ ಗದ್ದಲ ಕಂಡವರಿಗೆ ನಾಗಪುರದ ಪರಿಚಯ ಅರ್ಧ ಆದಂತೆಯೇ. ನಮ್ಮ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ. ಮಹಾರಾಷ್ಟ್ರದ ಚಳಿಗಾಲದ ಅಧಿವೇಶನ ನಾಗಪುರದಲ್ಲಿ ನಡೆಯುವ ರೂಢಿಯ ಬೇರು ಇರುವುದು 1953ರ ನಾಗಪುರ ಒಪ್ಪಂದದಲ್ಲಿ: ವರ್ಷಕ್ಕೊಂದು ಅಧಿವೇಶನವಾದರೂ ಇಲ್ಲಿ ನಡೆಯಬೇಕೆಂದು ಆಗಲೇ ಮಾತಾಗಿತ್ತು. 1956ರ ನವೆಂಬರ್ 1ರಂದು, ಕನ್ನಡ ಸೀಮೆಗಳು ಒಂದಾದ ದಿನವೇ, ಹಳೆಯ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಈ ಊರು ಆ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯಕ್ಕೆ ಸೇರಿತು.

ಪಟ್ಟ ಹೋಯಿತು, ಕಟ್ಟಡಗಳು ಉಳಿದವು. ಅವನ್ನು ನೋಡಲು ಹೊರಡುವವರು ಮೊದಲು ತಿರುವಬೇಕಾದದ್ದು ಕ್ಯಾಲೆಂಡರನ್ನು.

ಸಿವಿಲ್ ಲೈನ್ಸ್‌ನ ವಿಧಾನ ಭವನ ವರ್ಷದ ಬಹುಪಾಲು ನಿದ್ದೆಯಲ್ಲಿರುತ್ತದೆ. ಡಿಸೆಂಬರ್ ಬಂತೆಂದರೆ ಮುಂಬಯಿಯಿಂದ ಕಡತ, ಅಧಿಕಾರಿ, ಮಂತ್ರಿ ಎಲ್ಲರೂ ಬಂದಿಳಿಯುತ್ತಾರೆ. ರವಿ ಭವನದಲ್ಲಿ ಸಚಿವರು, ರಾಮಗಿರಿ ಬಂಗಲೆಯಲ್ಲಿ ಮುಖ್ಯಮಂತ್ರಿ. ಸದನದ ಗ್ಯಾಲರಿಯಲ್ಲಿ ಕೂತು ಕಲಾಪ ನೋಡಬೇಕೆನ್ನುವವರಿಗೆ ಪಾಸ್ ಬೇಕು; ಪಾಸಿಗೆ ಪರಿಚಯದ ಶಾಸಕರಿದ್ದರೆ ಕೆಲಸ ಹಗುರ. ಬೆಂಗಳೂರಿನ ವಿಧಾನಸೌಧದಲ್ಲಿ 2025ರಿಂದ ಟಿಕೆಟ್ ಕೊಂಡು ಗೈಡ್ ಜೊತೆ ಸುತ್ತಿದವರು ಅದೇ ಸಲೀಸು ಇಲ್ಲೂ ಸಿಕ್ಕೀತೆಂದು ರೈಲು ಹತ್ತದಿರುವುದು ಒಳ್ಳೆಯದು.

ಅಧಿವೇಶನದ ನಿಜವಾದ ನೋಟವಂತೂ ಗೇಟಿನ ಹೊರಗೇ ಇದೆ. ವಿದರ್ಭದ ಮೂಲೆಮೂಲೆಯಿಂದ ಮೋರ್ಚಾಗಳು ಬರುತ್ತವೆ, ಪೊಲೀಸ್ ಬ್ಯಾರಿಕೇಡಿನ ಮುಂದೆ ನಿಲ್ಲುತ್ತವೆ. 1994ರ ನವೆಂಬರ್ 23ರಂದು ಹಾಗೆ ಬಂದ ಗೋವಾರಿ ಸಮುದಾಯದ 114 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅವರ ಸ್ಮಾರಕ ಝೀರೋ ಮೈಲ್ ಬಳಿಯೇ ಇದೆ. ವಿಧಾನ ಭವನದ ಫೋಟೊ ತೆಗೆದುಕೊಂಡು ಹೊರಡುವ ಪ್ರವಾಸಿಗರು ಅದನ್ನು ದಾಟಿಕೊಂಡೇ ಹೋಗಿಬಿಡುತ್ತಾರೆ.

ಝೀರೋ ಮೈಲ್ ಎಂದರೆ ಮರಳುಗಲ್ಲಿನ ಒಂದು ಕಂಬ, ಪಕ್ಕದಲ್ಲಿ ನಾಲ್ಕು ಕುದುರೆಗಳು. ಊರಿನವರ ಬಾಯಲ್ಲಿ ಇದು ಭಾರತದ ನಟ್ಟನಡುವೆ. ಕಂಬದ ಮುಖಗಳ ಮೇಲೆ ಊರುಗಳ ಹೆಸರು, ಎದುರಿಗೆ ಮೈಲಿ: ಹೈದರಾಬಾದಿಗೆ 318, ಜಬಲ್ಪುರಕ್ಕೆ 170. ಕಲ್ಲು 1907ರದು, ಆದರೆ ದೇಶವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೇಕ್ಷಣೆಯ ಕಥೆ ಅದಕ್ಕಿಂತ ಹಳೆಯದು. ಅದನ್ನು ಶುರುಮಾಡಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಎಳೆದು ಆಧಾರರೇಖೆ ಅಳೆದ. ಅಳೆಯುತ್ತ ಉತ್ತರಕ್ಕೆ ಸಾಗಿದವನು 1823ರಲ್ಲಿ ತೀರಿಕೊಂಡದ್ದು ನಾಗಪುರಕ್ಕಿಂತ ಈಚೆಗಿನ ಹಿಂಗಣಘಾಟಿನಲ್ಲಿ. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಬರುವವರಿಗೆ ಆ ದಾರಿ ಒಂದೇ ಹಗಲು ರಾತ್ರಿಯ ಮಾತು. ಅವನಿಗೆ ಅರ್ಧ ಆಯುಷ್ಯ.

ಕಟ್ಟಡದ ಚೆಲುವೇ ಮುಖ್ಯ ಎನ್ನುವವರು ಹೈಕೋರ್ಟಿಗೆ ಹೋಗಬೇಕು. ಹೊಸದೆಹಲಿ ಕಟ್ಟಿದ ಲಟ್ಯೆನ್ಸ್ ಬಳಗದಲ್ಲಿ ಪಳಗಿದ ಹೆನ್ರಿ ಮೆಡ್ ಇದರ ವಾಸ್ತುಶಿಲ್ಪಿ. 1937ರಲ್ಲಿ ಶಂಕುಸ್ಥಾಪನೆ, 1940ರ ಜನವರಿಯಲ್ಲಿ ವೈಸರಾಯ್ ಲಿನ್ಲಿತ್‌ಗೋ ಕೈಯಲ್ಲಿ ಉದ್ಘಾಟನೆ. ದೆಹಲಿಯ ಗತ್ತು ಗುಮ್ಮಟದಲ್ಲಿ ಎದ್ದು ಕಾಣುತ್ತದೆ. ಕೆಲಸದ ದಿನ ಗುರುತಿನ ಚೀಟಿ, ತಪಾಸಣೆ, ವಕೀಲರ ನೂಕುನುಗ್ಗಲು. ಭಾನುವಾರ ಬೆಳಿಗ್ಗೆ ಒಂದು ಪ್ಲೇಟ್ ತರ್ರಿ ಪೋಹೆ (ಖಾರದ ರಸ ಸುರಿದ ಅವಲಕ್ಕಿ) ಮುಗಿಸಿ ರಸ್ತೆಯಾಚೆ ನಿಂತು ನೋಡಿದರೆ ಗುಮ್ಮಟಕ್ಕೆ ಯಾರೂ ಅಡ್ಡ ಬರುವುದಿಲ್ಲ. ಅಲ್ಲಿಂದ ಅಜಬ್ ಬಂಗ್ಲಾ, ಅಂದರೆ 1863ರ ಸರ್ಕಾರಿ ವಸ್ತುಸಂಗ್ರಹಾಲಯ. ಸೋಮವಾರ ರಜೆಯಾದ್ದರಿಂದ ಅದನ್ನೂ ಭಾನುವಾರವೇ ಮುಗಿಸುವುದು ಲೇಸು.

ಸೀತಾಬರ್ಡಿ ಕೋಟೆಯದು ಮಾತ್ರ ಬೇರೆಯೇ ಲೆಕ್ಕ. 1817ರ ಯುದ್ಧ ಕಂಡ ಈ ಗುಡ್ಡ ಈಗ ಸೇನೆಯ ವಶದಲ್ಲಿದೆ. ಜನಸಾಮಾನ್ಯರಿಗೆ ಬಾಗಿಲು ತೆರೆಯುವುದು ಜನವರಿ 26, ಮಹಾರಾಷ್ಟ್ರ ದಿನವಾದ ಮೇ 1 ಮತ್ತು ಆಗಸ್ಟ್ 15ರಂದು. ಡಿಸೆಂಬರಿನ ಅಧಿವೇಶನ ನೋಡಬಂದವರಿಗೆ ಕೆಳಗಿನ ರಸ್ತೆಯಿಂದ ಗುಡ್ಡವಷ್ಟೇ ಲಭ್ಯ. ಮೇ 1ಕ್ಕೆ ಬಂದರೆ ಕೋಟೆ ಸಿಗುತ್ತದೆ, ಜೊತೆಗೆ ನಾಗಪುರದ ಬಿಸಿಲೂ ಸಿಗುತ್ತದೆ.