ಮೆಟ್ಟಿಲ ಕೆಳಗಿನ ಲಿಥಿಯಂ ಪೆಟ್ಟಿಗೆ

ವಿದ್ಯುತ್ತು ನಿಂತೊಡನೆ ಮಹಡಿಯ ಮೆಟ್ಟಿಲ ಕೆಳಗಿನ ಇನ್ವರ್ಟರು ಗುಂಯ್ ಎನ್ನುವುದು ನಮ್ಮ ಮನೆಗಳಲ್ಲಿ ಪರಿಚಿತ ಸದ್ದು. ಅದರ ಪಕ್ಕದ ಸೀಸದ ಬ್ಯಾಟರಿಗೆ ವರುಷಗಟ್ಟಲೆ ಬಟ್ಟಿಯಿಳಿಸಿದ ನೀರೆರೆದು ಬೇಸತ್ತವರು, ಹಗುರವೂ ದೀರ್ಘಾಯುವೂ ಆದ ಲಿಥಿಯಂ ಬ್ಯಾಟರಿಯನ್ನು ಈಗ ತಂದಿರಿಸುತ್ತಿದ್ದಾರೆ. ಹಳೆಯ ಇನ್ವರ್ಟರಿಗೇ ಅದನ್ನು ಜೋಡಿಸಬಹುದಲ್ಲವೆ, ಎರಡೂ 12 ವೋಲ್ಟಿನವೇ ಅಲ್ಲವೆ, ಎಂದು ವಾಚಕರು ಕೇಳಬಹುದು.

ಸೀಸದ ಬ್ಯಾಟರಿಯು ಸಹನಶೀಲವಾದುದು. ವಿದ್ಯುತ್ತನ್ನು ತುಸು ಹೆಚ್ಚಾಗಿ ಉಣಿಸಿದರೆ ಅದರೊಳಗಿನ ನೀರು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. ಗಾಳಿಯಾಡುವ ಸ್ಥಳವಾದರೆ, ಕಳೆದ ನೀರನ್ನು ಮತ್ತೆ ತುಂಬಿದರಾಯಿತು. ಆದುದರಿಂದಲೇ ಅದರ ಆರು ಕೋಶಗಳನ್ನು ಸಮಗೊಳಿಸಲು ಕೆಲವು ಇನ್ವರ್ಟರುಗಳು ಆಗಾಗ ವೋಲ್ಟೇಜನ್ನು 15ಕ್ಕೂ ಮೇಲೇರಿಸುತ್ತವೆ. ಲಿಥಿಯಂ ಕೋಶಕ್ಕೆ ಈ ಔದಾರ್ಯವಿಲ್ಲ. ಅದರೊಳಗಿರುವುದು ನೀರಲ್ಲ, ಹೊತ್ತಿ ಉರಿಯಬಲ್ಲ ಸಾವಯವ ದ್ರವ. ಮನೆಗಳಿಗೆ ಹೆಚ್ಚಾಗಿ ಬರುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶದ ಮೇಲ್ಮಿತಿ 3.65 ವೋಲ್ಟ್; ಸಾಲಾಗಿ ಜೋಡಿಸಿದ ನಾಲ್ಕಕ್ಕೆ 14.6. ಹದಿನೈದೂವರೆಯನ್ನು ನಾಲ್ಕರಿಂದ ಭಾಗಿಸಿ ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕೇಡೊಂದುಂಟು. ಒಟ್ಟು 14.2 ವೋಲ್ಟ್ ತೋರಿಸುವ ಬ್ಯಾಟರಿಯಲ್ಲಿ ಮೂರು ಕೋಶಗಳು 3.45ರಲ್ಲಿಯೂ ನಾಲ್ಕನೆಯದು 3.85ರಲ್ಲಿಯೂ ಇರಬಹುದು. ಹೊರಗಿನಿಂದ ಅಳೆದವನಿಗೆ ಎಲ್ಲವೂ ಸರಿ! ಈ ಕಾರಣದಿಂದಲೇ ಪೆಟ್ಟಿಗೆಯೊಳಗೆ ಬಿ.ಎಂ.ಎಸ್. ಎಂಬ ಕಾವಲುಗಾರನನ್ನು ಕೂಡಿಸುತ್ತಾರೆ. ಒಂದೊಂದು ಕೋಶದ ವೋಲ್ಟೇಜನ್ನೂ ಒಳಗಿನ ಉಷ್ಣತೆಯನ್ನೂ ಅದು ನೋಡುತ್ತಿದ್ದು, ಮಿತಿ ಮೀರಿದೊಡನೆ ಸಂಪರ್ಕವನ್ನು ಕಡಿಯುತ್ತದೆ. ಆದರೆ ಅದು ಕೊನೆಯ ರಕ್ಷೆ. ಹೊಂದದ ಇನ್ವರ್ಟರನ್ನು ನಿತ್ಯವೂ ತಡೆಯಲೆಂದು ಇಟ್ಟುದಲ್ಲ. ಲಿಥಿಯಂಗೆ ತಕ್ಕ ಚಾರ್ಜಿನ ಕ್ರಮ ಇನ್ವರ್ಟರಿನಲ್ಲಿಯೇ ಇರಬೇಕು. (ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಬಾರದೆಂಬ ನಿಯಮವೂ ಉಂಟು, ಮಡಿಕೇರಿಯವರೂ ಅದಕ್ಕೆ ಅಂಜಬೇಕಾಗಿಲ್ಲ.)

ಮಿತಿಮೀರಿ ಕಾದ ಕೋಶದಲ್ಲಿ ರಾಸಾಯನಿಕ ಕ್ರಿಯೆಗಳೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತವೆ. ಆ ಶಾಖವು ನೆರೆಯ ಕೋಶಕ್ಕೆ ದಾಟುತ್ತದೆ. ನಿಕಲ್-ಕೋಬಾಲ್ಟ್ ಬಗೆಯ ಕೋಶಗಳು ಆಗ ಆಮ್ಲಜನಕವನ್ನೂ ಬಿಟ್ಟುಕೊಡುತ್ತವೆ. 1997ರಲ್ಲಿ ಗುಡ್‌ಇನಫ್ ಅವರ ತಂಡವು ಪ್ರಕಟಿಸಿದ ಕಬ್ಬಿಣ-ಫಾಸ್ಫೇಟಿನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುವುದರಿಂದ ಅದು ಹೆಚ್ಚು ಸಾಧು. ಆದರೂ ಕೆಟ್ಟು ಕಾದಾಗ ಉರಿಯುವ ಅನಿಲಗಳನ್ನು ಅದೂ ಹೊರಗೆಡಹುತ್ತದೆ.

ಆದಕಾರಣ ಮೆಟ್ಟಿಲ ಕೆಳಗಿನ ಆ ಹಳೆಯ ಜಾಗವು ನಮಗೆ ಒಪ್ಪಿಗೆಯಲ್ಲ. ಮಹಡಿಯಲ್ಲಿ ಮಲಗಿದವರು ಇಳಿದು ಬರಬೇಕಾದುದು ಅದೇ ದಾರಿಯಲ್ಲಿ. ಪೆಟ್ಟಿಗೆ ಉಬ್ಬಿದ್ದರೆ ಅದನ್ನು ಮತ್ತೆ ಚಾರ್ಜು ಮಾಡಬಾರದು. ಹೊಗೆ ಕಂಡರೆ ಮನೆಮಂದಿಯೆಲ್ಲ ಹೊರಗೆ ಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು. ಆರಿತೆಂದು ತೋರಿದ ಬ್ಯಾಟರಿಯು ಗಂಟೆಗಳ ಬಳಿಕ ಮತ್ತೆ ಹೊತ್ತಿಕೊಳ್ಳುವುದುಂಟು.